ಮನೆ ಬಟ್ಟೆಗೆ ಗುರುತಿಲ್ಲ

ನಮ್ಮ ಲಾಂಡ್ರಿಯಲ್ಲಿ ಒಂದು ಪದ್ಧತಿ ಇದೆ. ಹೊರಗಿನವರ ಬಟ್ಟೆ ಬಂದ ತಕ್ಷಣ ಅದರ ಒಳಮೂಲೆಗೆ ಉಗುರಿನಷ್ಟು ಬಿಳಿ ಪಟ್ಟಿಯೊಂದನ್ನು ನಾಲ್ಕು ಹೊಲಿಗೆ ಹಾಕಿ ಕೂರಿಸಬೇಕು. ಆ ಪಟ್ಟಿಯ ಮೇಲೆ ಅಳಿಸದ ಮಸಿಯಲ್ಲಿ ಆ ಮನೆಯ ಗುರುತು ಬರೆಯಬೇಕು. ಒಬ್ಬರಿಗೆ ಏಣಿ, ಒಬ್ಬರಿಗೆ ಮೀನು, ಒಬ್ಬರಿಗೆ ಬರೀ ಎರಡು ಗೀಟು. ನಮ್ಮ ಮನೆಯವರ ಬಟ್ಟೆಗೆ ಮಾತ್ರ ಗುರುತಿಲ್ಲ. ಒಣಹಾಕಿದ ಹಗ್ಗದ ಮೇಲೆ ಪಟ್ಟಿಯಿಲ್ಲದ ಬಟ್ಟೆ ಕಂಡರೆ ಅದು ನಮ್ಮದು, ಎತ್ತಿ ಒಳಗಿಡು, ಮುಗಿಯಿತು. ನಾನು ಸೊಸೆಯಾಗಿ ಬಂದಾಗ ಅಡಿಗೆಮನೆ ತೋರಿಸುವ ಮೊದಲೇ ಮಾವ ಈ ಪಾಠ ಹೇಳಿದ್ದರು.

ಮಾವ ಇಸ್ತ್ರಿ ಮೇಜಿನ ಹಿಂದೆ ನಿಂತೇ ಆಯುಷ್ಯ ಕಳೆದವರು. ಒಂದು ಕರವಸ್ತ್ರ ಕೂಡ ತಪ್ಪು ಮನೆಗೆ ಹೋಗಿಲ್ಲ ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ. ಒಗೆಯುವುದು, ಗಂಜಿ ಹಾಕುವುದು ಅತ್ತೆಯ ಪಾಲಿಗೆ. ಸ್ಕೂಟರಿನಲ್ಲಿ ಮನೆಮನೆಗೆ ಮುಟ್ಟಿಸುವುದು ನನ್ನ ಗಂಡನ ಕೆಲಸ. ಕೌಂಟರಿನಲ್ಲಿ ಗಿರಾಕಿಗಳ ಬಾಯಿಗೆ ಸಿಗುವುದು ನನ್ನ ಹಣೆಬರಹ. ಪಟ್ಟಿ ಹೊಲಿದು ಗುರುತು ಬರೆಯುವವಳು ಮರಿ.

ಮರಿ ಈ ಮನೆಯ ಕೊನೆಯ ಕೂಸು, ಓದು ಮುಗಿಸಿ ಅಂಗಡಿಯಲ್ಲೇ ಕೂತವಳು. ನನ್ನ ಮದುವೆಯ ದಿನ ಮೈದುನ ಎಂದು ತೋರಿಸಿದ್ದರು, ಈಗ ನಾದಿನಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಗೊಂದಲ ಬೇಡ. ನಾನು ಅವಳು ಎನ್ನುತ್ತೇನೆ. ನಮ್ಮ ಮನೆಯಲ್ಲಿ ಈಗಲೂ ಅವನು ಎನ್ನುವವರಿದ್ದಾರೆ. ಯಾರ ನಾಲಿಗೆಯನ್ನೂ ಹಿಡಿದು ತಿದ್ದುವಷ್ಟು ಪುರುಸೊತ್ತು ನನಗಿಲ್ಲ.

ಒಂದು ವರ್ಷದಿಂದ ನಮ್ಮಲ್ಲಿಗೆ ಹೊಸ ಗುರುತಿನ ಗಂಟೊಂದು ಬರುತ್ತಿತ್ತು. ತ್ರಿಕೋನ, ಅದರೊಳಗೊಂದು ಚುಕ್ಕೆ. ನೆರಿಗೆಯ ಲಂಗ, ತಿಳಿಹಸಿರು ಬ್ಲೌಸು, ಹೂವಿನ ಗೌನು. ಆ ಗಿರಾಕಿಯನ್ನು ಯಾರೂ ಕಂಡಿರಲಿಲ್ಲ. ಸಂಜೆ ಕೆಲಸದಿಂದ ಬರುವಾಗ ಆಯಮ್ಮ ಬಟ್ಟೆ ಕೊಟ್ಟು ಹೋಗುತ್ತಾರೆ, ಆಗ ಕೌಂಟರಿನಲ್ಲಿ ತಾನೇ ಇರುತ್ತೇನೆ ಎಂದು ಮರಿ ಹೇಳುತ್ತಿದ್ದಳು. ಮಾವನಿಗೆ ಆ ಗಂಟೆಂದರೆ ಪ್ರಾಣ. ನೆರಿಗೆ ಕೂರಿಸುವುದು ಸುಲಭದ ಕೆಲಸವಲ್ಲ, ಅದನ್ನು ಬೇರೆಯವರ ಕೈಗೆ ಕೊಡುತ್ತಲೇ ಇರಲಿಲ್ಲ. ಆಕೆಗೆ ಚುಕ್ಕೆಯಮ್ಮ ಎಂದು ಹೆಸರನ್ನೂ ಇಟ್ಟರು. ಊಟಕ್ಕೆ ಕೂತಾಗ ನನ್ನ ನೈಟಿಯ ಎಣ್ಣೆ ಕಲೆ ನೋಡಿಕೊಂಡೇ, “ಬಟ್ಟೆ ಇಟ್ಕೊಂಡ್ರೆ ಚುಕ್ಕೆಯಮ್ಮನ ಹಾಗೆ ಇಟ್ಕೋಬೇಕು. ಒಂದು ಕಲೆ ಇಲ್ಲ, ಒಂದು ಗುಂಡಿ ಸಡಿಲ ಇಲ್ಲ,” ಎನ್ನುವರು. ನನಗೆ ಮೈ ಉರಿದು ಹೋಗುತ್ತಿತ್ತು. ಮರಿ ತಟ್ಟೆಯೊಳಗೆ ಮುಖ ಹುದುಗಿಸಿ ಊಟ ಮಾಡುತ್ತಿದ್ದಳು.

ಎಲ್ಲ ಬಯಲಾದದ್ದು ಒಂದು ಜ್ವರದಿಂದ. ಮರಿ ಹಾಸಿಗೆ ಹಿಡಿದಳು, ಚುಕ್ಕೆಯಮ್ಮನ ಗಂಟು ಕಪಾಟಿನಲ್ಲಿ ಕೂತಿತು. ಸಿದ್ಧವಾದ ಬಟ್ಟೆ ಕಪಾಟಿನಲ್ಲಿ ಕೂತರೆ ಮಾವನಿಗೆ ಕೂತಲ್ಲಿ ಕೂರಲಾಗುವುದಿಲ್ಲ. ವಿಳಾಸ ಎಲ್ಲಿ ಎಂದು ಮರಿಯನ್ನು ಕೇಳಿದರು. ಇರಲಿ ಬಿಡಿ, ಬರುತ್ತಾರೆ ಎಂದು ಅವಳು ಮುಸುಕೆಳೆದಳು. ನನ್ನನ್ನು ಕೇಳಿದರು, ಮಗನನ್ನು ಕೇಳಿದರು. ಕೊನೆಗೆ ತಾವೇ ಒಗೆದ ಅಂಗಿ ತೊಟ್ಟು, ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಹೊರಟರು. ನಮ್ಮ ಬೀದಿ, ಆಚೆ ಬೀದಿ, ಔಷಧಿ ಅಂಗಡಿ, ಶಾಲೆಯ ಗೇಟು. ಕಂಡಕಂಡ ಬಾಗಿಲಲ್ಲಿ ಗಂಟು ಬಿಚ್ಚಿ, ಬ್ಲೌಸನ್ನು ಎತ್ತಿ ಹಿಡಿದು, ಇದು ನಿಮ್ಮ ಮನೆಯದಾ ಎಂದು ವಿಚಾರಿಸಿದರು. ಇಂಥ ಕೆಲಸ ನಮ್ಮ ಮಾವನಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಆಚೆ ಬೀದಿಯ ಹೊಲಿಗೆಯವಳು ಲಂಗದ ಅಂಚು ತಿರುಗಿಸಿ ನೋಡಿ, ಅಯ್ಯೋ, ಇದು ನನ್ನ ಹೊಲಿಗೆಯೇ ಅಂದಳಂತೆ. ನಿಮ್ಮ ಕಿರಿಮಗನೇ ಅತ್ತಿಗೆಗೆ ಅಂತ ಹೇಳಿ ಹೊಲಿಸಿಕೊಂಡು ಹೋದದ್ದು ಎಂದಳಂತೆ.

ಮಾವ ಬಂದವರೇ ಗಂಟನ್ನು ನನ್ನ ಊಟದ ತಟ್ಟೆಯ ಪಕ್ಕ ಎಸೆದರು. ಒಗಟು ಬಿಡಿಸಿದವರ ಹಾಗೆ ನನ್ನ ಗಂಡ ಎದ್ದು ನಿಂತರು. ಯಾರಿಗೆ ತೋರಿಸೋಕೆ ಈ ಶೋಕಿ, ಗಂಡನಿಗೆ ಕಾಣದ ಹಾಗೆ ಉಡುವ ಬಟ್ಟೆ ಎಂಥದು ಎಂದು ಶುರುಮಾಡಿದರು. ಅತ್ತೆ, ಆ ಮಗುವನ್ನು ಟೈಲರ್ ಅಂಗಡಿಗೆ ಅಟ್ಟಿದೆಯಲ್ಲ, ನಿನಗೆ ನಾಚಿಕೆಯಾಗಲಿಲ್ಲವಾ ಅಂದರು. ನಾನು ಉಣ್ಣುತ್ತಿದ್ದ ಕೈಯನ್ನು ತೊಳೆದು ಬಂದು ಆ ತಿಳಿಹಸಿರು ಬ್ಲೌಸನ್ನು ಎತ್ತಿಕೊಂಡು ತೋಳಿಗೆ ತುರುಕಿದೆ. ಮೊಣಕೈ ದಾಟಲಿಲ್ಲ.

“ಕಣ್ಣಿದ್ರೆ ನೋಡಿ. ಈ ತೋಳು ಇದರೊಳಗೆ ಹೋಗುತ್ತಾ?” ಎಂದೆ.

“ಎಳೀಬೇಡಿ ಅತ್ತಿಗೆ, ಹರಿದುಹೋಗುತ್ತೆ. ಅದು ನಂದು.”

ಮರಿ ಕಂಬಳಿ ಹೊದ್ದು ಬಾಗಿಲಲ್ಲಿ ನಿಂತಿದ್ದಳು. ಜ್ವರದಲ್ಲಿ ಮುಖ ಕೆಂಪಾಗಿತ್ತು, ಮಾತು ಮಾತ್ರ ತಣ್ಣಗಿತ್ತು. ಬುದ್ಧಿ ಬಂದಾಗಿನಿಂದ ನಾನು ಹೆಣ್ಣೇ, ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ, ಇನ್ನು ಮುಚ್ಚಿಡೋಕೆ ನನ್ನ ಕೈಲಾಗಲ್ಲ ಎಂದಳು. ಚುಕ್ಕೆಯಮ್ಮ ನಾನೇ ಅಪ್ಪ ಎಂದಳು.

ಮಾವ ಬೇರೇನೂ ಕೇಳಲಿಲ್ಲ.

“ಗುರುತು ಯಾಕೆ ಹಾಕಿದೆ?”

“ಹಾಕದಿದ್ರೆ ಮನೆ ಬಟ್ಟೆ, ಯಾರದು ಅಂತ ಕೇಳ್ತಿದ್ರಿ. ಗುರುತಿದ್ದಿದ್ದಕ್ಕೆ ಇಸ್ತ್ರಿ ಮಾಡಿಕೊಟ್ರಿ.”

ಮಾವ ಕೆನ್ನೆಗೆ ಹೊಡೆದರು. ಹೊಡೆದ ಕೈ ಸುಟ್ಟವರ ಹಾಗೆ ಹಿಂದೆ ತೆಗೆದರು, ಜ್ವರ ಅಷ್ಟಿತ್ತು. ಆಮೇಲೆ ಊಟ ಮಾಡದೆ ಒಳಗೆ ಹೋದರು.

ಆವತ್ತಿನಿಂದ ಮನೆಯಲ್ಲಿ ನೆಮ್ಮದಿಯಾಗಿ ಒಂದು ಲೋಟ ಚಹಾ ಕುಡಿದವರಿಲ್ಲ. ಮರಿಯ ತಟ್ಟೆ, ಲೋಟ ಬೇರೆಯಾದವು. ಅತ್ತೆ ಅವನ್ನು ಹಿಂದಿನ ಅಂಗಳದ ಕಟ್ಟೆಯ ಮೇಲೆ ಇಟ್ಟರು. ಅನ್ನವನ್ನು ತಟ್ಟೆಗೆ ಹಾಕಿ, ಕರೆಯದೆ, ಬಾಗಿಲನ್ನು ಒಮ್ಮೆ ದಡ್ ಎನ್ನಿಸಿ ಬರುವರು. ಊಟಕ್ಕೆ ಅದೇ ಕರೆ. ಮಾವ ಗಂಟನ್ನು ಮತ್ತೆ ಕಪಾಟಿನ ಮೇಲುಗಡೆ ಎಸೆದು, ಯಾರಾದರೂ ಮುಟ್ಟಿದರೆ ನೋಡಿ ಅಂದರು. ಅಪ್ಪನಿಗೂ ಮಗುವಿಗೂ ಮಾತು ನಿಂತಿತು. ಕೆಲಸ ನಿಲ್ಲಲಿಲ್ಲ. ಒಬ್ಬರು ಗುರುತು ಬರೆದು ತಳ್ಳುವುದು, ಇನ್ನೊಬ್ಬರು ನೋಡದೆ ಎಳೆದುಕೊಳ್ಳುವುದು.

ಗಂಟು ಬಿಚ್ಚಿ ತೋರಿಸಿಕೊಂಡು ಬಂದವರು ಮಾವನೇ ಆದ್ದರಿಂದ ಬೀದಿಗೆಲ್ಲ ಅರ್ಥವಾಗಲು ತಡವಾಗಲಿಲ್ಲ. ಶಿಕ್ಷಕಿಯೊಬ್ಬರು ಕೌಂಟರಿಗೆ ಬಂದು, ನಮ್ಮ ಒಳಬಟ್ಟೆಗಳನ್ನೂ ಆ ನಿಮ್ಮ ಹುಡುಗನೇ ಮುಟ್ಟುವುದಾ ಎಂದು ಕೇಳಿದರು. ಇಷ್ಟು ವರ್ಷ ಹುಡುಗ ಅಂತ ತಿಳಿದೇ ಕೊಟ್ಟಿರಲ್ಲ, ಆಗ ನಾಚಿಕೆಯಾಗಲಿಲ್ಲವಾ, ಈಗ ಹೆಣ್ಣು ಅಂದಮೇಲೆ ನಿಮಗೆ ಇನ್ನೂ ಒಳ್ಳೆಯದೇ ಅಲ್ಲವಾ ಎಂದೆ. ಅವರು ಗಂಟು ಎತ್ತಿಕೊಂಡು ಹೋದರು. ಆ ವಾರ ಹಾಗೆ ಹೋದವರು ಬಹಳ ಜನ. ಕಪಾಟಿನಲ್ಲಿ ಗೋಡೆ ಕಾಣತೊಡಗಿತು.

ನನ್ನ ಗಂಡನಿಗೆ ಸಿಟ್ಟು ತಮ್ಮನ ಮೇಲೆ, ಕೂಗಾಟ ನನ್ನ ಮೇಲೆ. ನಾಳೆ ನಮ್ಮ ಮಗನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದರು. ನಮ್ಮ ಮಗನಿಗೆ ಇನ್ನೂ ಸಿಂಬಳ ಒರೆಸಿಕೊಳ್ಳಲು ಬರುವುದಿಲ್ಲ, ಮೊದಲು ಅದು ಆಗಲಿ ಎಂದೆ. ಅವರು ಸ್ಕೂಟರ್ ಒದ್ದು ಹೊರಟರು. ನಗು ನನಗೂ ಬರಲಿಲ್ಲ.

ಭಾನುವಾರ ದೊಡ್ಡಮಾವ ಬಂದರು. ಮಾವನ ಅಣ್ಣ, ಕಟ್ಟಿಗೆ ಡಿಪೋ ಇಟ್ಟವರು. ಎಲ್ಲರ ಮನೆಯ ಬೆಂಕಿಗೂ ಅವರೇ ಸೌದೆ. ಊರಾಚೆ ಒಂದು ಕೇಂದ್ರ ಇದೆಯಂತೆ, ಕುಡುಕರನ್ನು ಇಟ್ಟುಕೊಳ್ಳುವ ಜಾಗ. ತಲೆ ಬೋಳಿಸಿ, ತಣ್ಣೀರು ಸುರಿದು, ಇಂಜೆಕ್ಷನ್ ಕೊಟ್ಟು, ಮೂರು ತಿಂಗಳಲ್ಲಿ ಗಂಡಸು ಮಾಡಿ ಕಳಿಸುತ್ತಾರಂತೆ. ಅವರ ಸ್ವಂತ ಮಗ ಅಲ್ಲಿ ಇದ್ದು ಬಂದವನು. ಮೊದಲು ಸಂಜೆ ಕುಡಿಯುತ್ತಿದ್ದ, ಈಗ ಬೆಳಿಗ್ಗೆಯೂ ಕುಡಿಯುತ್ತಾನೆ. ನಾನದನ್ನು ಹೇಳಲು ಬಾಯಿ ತೆರೆದೆ, ಗಂಡ ಕಾಲು ತುಳಿದರು. ಮುಂದಿನ ತಿಂಗಳ ಮೊದಲ ಭಾನುವಾರ ಕಾರು ತರುತ್ತೇನೆ ಎಂದು ದೊಡ್ಡಮಾವ ಹೇಳಿದರು. ಮಾವ ಇಸ್ತ್ರಿಯಿಂದ ಕಣ್ಣೆತ್ತದೆ, “ಆಗಲಿ,” ಎಂದರು.

ಮರಿ ಗುರುತಿನ ಮೇಜಿನಿಂದಲೇ ಮಾತಾಡಿದಳು. “ಮನೆ ಬಿಟ್ಟು ಹೋಗು ಅಂದ್ರೆ ಹೋಗ್ತೀನಿ ದೊಡ್ಡಪ್ಪ. ಅಲ್ಲಿಗೆ ಹೋಗಲ್ಲ.”

“ನಿನ್ನನ್ನ ಕೇಳಿದವರು ಯಾರು?” ಎಂದರು ದೊಡ್ಡಮಾವ.

ಅದು ನಿಜ. ಅವಳನ್ನು ಯಾರೂ ಕೇಳಿರಲಿಲ್ಲ. ಮಾರನೆಯ ದಿನ ಮಗನಿಗೆ ಕೆಮ್ಮು ಎಂದು ಆಸ್ಪತ್ರೆಗೆ ಹೋಗಿದ್ದೆ. ಸಾಲಿನಲ್ಲಿ ಕಾಯುವಾಗ, ಹಲ್ಲುಜ್ಜುವುದು ಹೇಗೆಂಬ ದೊಡ್ಡ ಚಿತ್ರದ ಕೆಳಗೆ ಅಂಟಿಸಿದ್ದ ಚಿಕ್ಕ ಕಾಗದ ಕಣ್ಣಿಗೆ ಬಿತ್ತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಮತ್ತು ಅವರ ಮನೆಯವರಿಗೆ ಸಹಾಯವಾಣಿ ಎಂದಿತ್ತು, ಕೆಳಗೊಂದು ನಂಬರು. ಮನೆಯವರಿಗೆ ಎಂಬ ಮಾತನ್ನು ಎರಡು ಸಲ ಓದಿ ನಂಬರು ಬರೆದುಕೊಂಡೆ. ನಮಗೂ ಏನಾದರೂ ಬೇಕಿರಬಹುದೆಂದು ಅಲ್ಲಿಯವರೆಗೆ ಯಾರೂ ಯೋಚಿಸಿರಲಿಲ್ಲ.

ಹಿಂದಿನ ಅಂಗಳದಲ್ಲಿ ಒದ್ದೆ ಚಾದರಗಳ ಮರೆಯಲ್ಲಿ ನಿಂತು ಫೋನ್ ಮಾಡಿದೆ. ಒಬ್ಬ ಹೆಂಗಸು ಎತ್ತಿದಳು. ಮನೆಯಲ್ಲಿ ಜಗಳವಾಡಿ ಅಭ್ಯಾಸವಾಗಿತ್ತು, ಅವಳ ಮೇಲೂ ರೇಗಿದೆ. ಬೇಗ ಹೇಳಿ, ನಮಗೆ ಟೈಮಿಲ್ಲ ಎಂದೆ. ಅವಳು ಬೇಸರಿಸಲಿಲ್ಲ. ಇದು ಕಾಯಿಲೆಯಲ್ಲ, ಹಾಗಾಗಿ ಇದಕ್ಕೆ ವಾಸಿಯಾಗುವ ಮದ್ದು ಎನ್ನುವುದೂ ಇಲ್ಲ ಎಂದಳು. ಹೊಡೆದು, ಕೂಡಿಹಾಕಿ, ಚುಚ್ಚಿ ಯಾರೂ ಬದಲಾಗುವುದಿಲ್ಲ, ಒಳಗೆ ಮುರಿದುಹೋಗುತ್ತಾರೆ ಅಷ್ಟೇ ಎಂದಳು. ನಿಮ್ಮ ನಾದಿನಿ ವಯಸ್ಸಿಗೆ ಬಂದವಳು, ಅವಳ ಒಪ್ಪಿಗೆಯಿಲ್ಲದೆ ಹಾಗೆ ಹೊತ್ತುಕೊಂಡು ಹೋಗುವಂತಿಲ್ಲ, ಬಲವಂತ ಮಾಡಿದರೆ ಇದೇ ನಂಬರಿಗೆ ಹೇಳಿ, ನಾವು ಬರುತ್ತೇವೆ ಎಂದಳು. ಶನಿವಾರ ಸಂಜೆ ಗ್ರಂಥಾಲಯದ ಮಹಡಿಯಲ್ಲಿ ಇಂಥ ಮಕ್ಕಳ ಅಪ್ಪ ಅಮ್ಮಂದಿರು ಸೇರುತ್ತಾರೆ, ಕರೆದುಕೊಂಡು ಬನ್ನಿ ಎಂದಳು. ಕೊನೆಗೆ, ಆಕೆಯನ್ನು ಏನಂತ ಕರೆದರೆ ಇಷ್ಟ ಎಂದು ಕೇಳಿದಳು.

ನಾನು ಮರಿಯನ್ನು ಕೇಳಿಯೇ ಇರಲಿಲ್ಲ. ಅವತ್ತೇ ಕೇಳಿದೆ. ಪಟ್ಟಿ ಹೊಲಿಯುತ್ತಿದ್ದವಳು ದಾರವನ್ನು ಹಲ್ಲಿನಲ್ಲಿ ಕಡಿದು, “ಹೊಸ ಹೆಸರು ನಿಧಾನಕ್ಕೆ ನೋಡೋಣ. ಮೊದಲು ಅವಳು ಅನ್ನಿ ಅತ್ತಿಗೆ, ಅಷ್ಟಾದ್ರೆ ನನಗೆ ಹಬ್ಬ,” ಎಂದಳು.

ಅತ್ತೆಯನ್ನು ಗ್ರಂಥಾಲಯಕ್ಕೆ ಕರೆದೊಯ್ದದ್ದು ಸುಳ್ಳು ಹೇಳಿ. ಅಲ್ಲಿ ಡಾಕ್ಟರು ಬರುತ್ತಾರೆ, ಮದ್ದು ಕೇಳಬಹುದು ಎಂದಿದ್ದೆ. ಪ್ಲಾಸ್ಟಿಕ್ ಕುರ್ಚಿಗಳು, ಸಕ್ಕರೆಯಿಲ್ಲದ ಚಹಾ, ಒಬ್ಬರ ಮುಖ ಒಬ್ಬರು ನೋಡದ ಕೆಲವು ಜನ. ಅತ್ತೆ ಕೂತದ್ದೇ ತಡ, ಎಷ್ಟು ದಿನಕ್ಕೆ ಸರಿಹೋಗುತ್ತೆ ಎಂದು ಕೇಳಿದರು.

“ಸರಿಹೋಗೋಕೆ ಏನೂ ಕೆಟ್ಟಿಲ್ಲಮ್ಮ,” ಎಂದಳು ಸಭೆ ನಡೆಸುವವಳು. ಫೋನಿನ ದನಿ ಅವಳದೇ.

“ಏನೂ ಕೆಟ್ಟಿಲ್ವಂತೆ. ನಮ್ಮ ಮನೆಗೆ ಬಂದು ಒಂದು ಹೊತ್ತು ಊಟ ಮಾಡು, ಆಮೇಲೆ ಹೇಳು,” ಎಂದು ಅತ್ತೆ ಎದ್ದೇಬಿಟ್ಟರು. ಮೆಟ್ಟಿಲಿನಲ್ಲಿ ನನಗೂ ಪೂಜೆಯಾಯಿತು. ಆಗ ಹಿಂದಿನಿಂದ ಒಬ್ಬರು ಇಳಿದು ಬಂದರು. ನಮ್ಮದೇ ಗಿರಾಕಿ, ಬಸ್ ಡ್ರೈವರ್, ಏಣಿ ಗುರುತಿನವರು. ಅವರು ಅತ್ತೆಯನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ನನಗೆ ಕೇಳಿಸಲಿಲ್ಲ. ಬೆಳಿಗ್ಗೆ ನೋಡಿದರೆ ಮರಿಯ ತಟ್ಟೆ, ಲೋಟ ಅಡಿಗೆಮನೆಯೊಳಗೆ ಎಲ್ಲರ ತಟ್ಟೆ, ಲೋಟಗಳ ಜೊತೆ ಇದ್ದವು.

ಮಾವ ಅದನ್ನು ಕಂಡು ತಟ್ಟೆಯನ್ನು ಅಂಗಳಕ್ಕೆ ಎಸೆದರು. ಅತ್ತೆ ಹೋಗಿ ಎತ್ತಿಕೊಂಡು ಬಂದು ತೊಳೆದಿಟ್ಟರು. ಮಧ್ಯಾಹ್ನ ಮತ್ತೆ ಎಸೆದರು, ಮತ್ತೆ ಎತ್ತಿ ತಂದರು. ಮೂರನೆಯ ಸಲಕ್ಕೆ ತಟ್ಟೆಯ ಅಂಚು ನೆಗ್ಗಿತು.

“ನಾಳೆ ಎಸೆದ್ರೆ ನಿಮ್ಮ ತಟ್ಟೇನೂ ಅಲ್ಲೇ ಇಡ್ತೀನಿ. ಇಬ್ಬರೂ ಕಟ್ಟೆ ಮೇಲೆ ಕೂತು ಉಣ್ಣಿ,” ಎಂದರು ಅತ್ತೆ. ನಾನು ಆ ಮನೆಗೆ ಬಂದ ಮೇಲೆ ಅತ್ತೆ ಮಾವನಿಗೆ ಎದುರಾಡಿದ್ದು ಅದೇ ಮೊದಲು.

ಆ ವಾರವೇ ಬಸ್ ಡ್ರೈವರ್ ಸಮವಸ್ತ್ರ ಒಯ್ಯಲು ಬಂದರು. ಗಂಟು ನನ್ನ ಕೈಯಿಂದ ತೆಗೆದುಕೊಳ್ಳದೆ ನೇರ ಇಸ್ತ್ರಿ ಮೇಜಿಗೆ ಹೋದರು.

“ನಮ್ಮ ಗಂಟಿನಲ್ಲಿ ಕಾಲೇಜು ಶರ್ಟು ಯಾಕೆ ಬರ್ತಿಲ್ಲ ಅಂತ ಒಂದು ಸಲ ಕೇಳಿದ್ರಿ. ಮಗನಿಗೆ ಕೆಲಸ ಸಿಕ್ತು ಅಂದಿದ್ದೆ. ಅದು ಸುಳ್ಳು,” ಎಂದರು. “ನೀವು ಕಳಿಸಬೇಕು ಅಂತಿರೋ ಜಾಗಕ್ಕೇ ನಾನು ಕಳಿಸಿದ್ದೆ. ವಾಪಸ್ ಬಂದ್ಲು. ಹಲ್ಲು ಮುರಿದಿತ್ತು. ಒಂದು ಮಾತಾಡಲಿಲ್ಲ. ಮಾರನೇ ದಿನ ಹಾಲು ತರ್ತೀನಿ ಅಂತ ಹೋದವಳು ಬರಲೇ ಇಲ್ಲ. ಈಗ ಪ್ರತಿ ಸ್ಟಾಪಿನಲ್ಲೂ ಬಾಗಿಲು ತೆಗೆದಾಗ ಹತ್ತೋರ ಮುಖ ನೋಡ್ತೀನಿ.”

ಮಾವ ಅಂಗಿಯ ಕಾಲರು ತಿರುವಿ ಹಾಕಿ ಇಸ್ತ್ರಿ ಎಳೆದರು. “ನಿಮ್ಮ ಬಟ್ಟೆ ಆಗಿದೆ. ತಗೊಂಡು ಹೋಗಿ,” ಎಂದರು.

ಅವರು ಹೋದರು. ಮಾವ ಸಂಜೆಯವರೆಗೆ ಕಂಡವರ ಮೇಲೆಲ್ಲ ಹರಿಹಾಯ್ದರು. ಗಂಜಿ ಗಟ್ಟಿ, ನೀರು ಕೊಳಕು, ಮೊಮ್ಮಗನ ಅಳು ಜೋರು. ಕೇಂದ್ರದ ಮಾತು ಬಿಟ್ಟುಬಿಡಿ ಎಂದು ಅತ್ತೆ ಕೇಳಿಕೊಂಡದ್ದಕ್ಕೆ, ಭಾನುವಾರ ಅಂದರೆ ಭಾನುವಾರ, ಅಣ್ಣನಿಗೆ ಮಾತು ಕೊಟ್ಟಾಗಿದೆ ಎಂದರು.

ಭಾನುವಾರ ಬಂತು, ಕಾರೂ ಬಂತು. ದೊಡ್ಡಮಾವನ ಜೊತೆ ಕೇಂದ್ರದವರು ಇಬ್ಬರು, ಕುತ್ತಿಗೆಯಿಲ್ಲದ ಜನ. ನಾನು ಫೋನಿನಲ್ಲಿ ಆ ನಂಬರನ್ನು ತೆಗೆದಿಟ್ಟುಕೊಂಡು ಬಾಗಿಲಿಗೆ ಅಡ್ಡ ನಿಂತೆ. ಗಂಡ ಒಳಗೆ ಬಾ ಎಂದರು. ನೀವು ಹೊರಗೆ ಬನ್ನಿ, ನಿಮ್ಮ ತಮ್ಮನೋ ತಂಗಿಯೋ, ಒಡಹುಟ್ಟಿದ್ದಲ್ಲವಾ ಎಂದೆ. ಅವರು ಬರಲಿಲ್ಲ. ಮರಿ ತನ್ನ ಮೇಜಿನ ಪಕ್ಕ ಕೈಕಟ್ಟಿ ನಿಂತಿದ್ದಳು.

ಬಂದವನೊಬ್ಬ ಎಲ್ಲ ಬಾಯಿಪಾಠ ಒಪ್ಪಿಸಿದ. ಬರೀ ಶರ್ಟು ಪ್ಯಾಂಟು ಕೊಡಿ, ಬೇರೆ ಬಟ್ಟೆ ಒಳಗೆ ಬಿಡುವುದಿಲ್ಲ. ಎಲ್ಲರ ಬಟ್ಟೆ ಒಟ್ಟಿಗೇ ಒಗೆಯುವುದು, ಕಲೆತುಹೋಗುತ್ತೆ, ಗುರುತು ಹಾಕಿ ಕೊಡಿ. ಗುರುತಿಲ್ಲದ್ದು ಕಳೆದರೆ ನಾವು ಜವಾಬ್ದಾರರಲ್ಲ.

“ಲಾಂಡ್ರಿಯವರಿಗೆ ಅದನ್ನ ಹೇಳ್ಕೊಡ್ಬೇಕಾ?” ಎಂದು ದೊಡ್ಡಮಾವ ನಕ್ಕರು.

ಮಾವ ಮರಿಯ ಹಳೆಯ ಶರ್ಟುಗಳನ್ನು ತಂದು ಅವಳ ಕುರ್ಚಿಯಲ್ಲೇ ಕೂತರು. ಪಟ್ಟಿ ಎತ್ತಿಕೊಂಡರು, ಮಸಿಯ ಲೇಖನಿಯ ಮುಚ್ಚಳ ತೆಗೆದರು. ಲೇಖನಿ ಪಟ್ಟಿಯ ಮೇಲೆ ಹಾಗೇ ನಿಂತಿತು.

“ಯಾವ ಗುರುತು?” ಎಂದರು. ಇಷ್ಟು ವಾರಗಳ ಮೇಲೆ ಅವಳಿಗೆ ಆಡಿದ ಮೊದಲ ಮಾತು ಅದು.

“ನನಗೆ ಇರೋದು ಒಂದೇ ಗುರುತು, ಅಪ್ಪ. ಚುಕ್ಕೆ.”

ಮಾವ ಬರೆಯಲಿಲ್ಲ. ಶರ್ಟಿನ ಒಳಮೂಲೆಯನ್ನು ಬೆರಳಲ್ಲಿ ಸವರುತ್ತಾ ಕೂತರು. ಅಲ್ಲಿ ಹೊಲಿಗೆಯ ತೂತು ಇಲ್ಲ, ಮಸಿಯ ಕಲೆ ಇಲ್ಲ. ಹುಟ್ಟಿದಂದಿನಿಂದ ಈ ಮನೆಯ ಹಗ್ಗದ ಮೇಲೆ ಗುರುತಿಲ್ಲದೆ ಒಣಗಿದ ಬಟ್ಟೆಗಳು. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ಆ ನೆಗ್ಗಿದ ತಟ್ಟೆ ಹಿಡಿದು ನಿಂತಿದ್ದರು.

ದೊಡ್ಡಮಾವನಿಗೆ ತಾಳ್ಮೆ ಮುಗಿಯಿತು. “ಏನೋ ಒಂದು ಗೀಚಿ ಕೊಡೋ. ಹೊತ್ತಾಗುತ್ತೆ.”

ಏನೋ ಒಂದು ಎಂಬ ಮಾತನ್ನು ನಮ್ಮ ಅಂಗಡಿಯಲ್ಲಿ ಮಾವನ ಎದುರು ಆಡಬಾರದು. ಅವರು ಲೇಖನಿಗೆ ಮುಚ್ಚಳ ಹಾಕಿದರು.

“ಮನೆ ಬಟ್ಟೆಗೆ ನಾನು ಗುರುತು ಹಾಕಲ್ಲ.”

“ಹಾಕದಿದ್ರೆ ಅಲ್ಲಿ ತಗೊಳ್ಳಲ್ಲ.”

“ತಗೊಳ್ಳೋದು ಬೇಡ.”

ದೊಡ್ಡಮಾವ ಬಾಯಿಗೆ ಬಂದದ್ದನ್ನೆಲ್ಲ ಅಂದರು. ವಂಶ, ಮಾನ, ಮಣ್ಣು, ಮಸಿ. ಇವತ್ತಿಗೆ ನಿನಗೆ ಅಣ್ಣ ಸತ್ತ ಎಂದುಕೊ ಎಂದರು. ಮಾವ ಶರ್ಟು ಮಡಿಸುತ್ತಲೇ, “ನಿಮ್ಮ ಅಂಗಿ ಎರಡು ಒಳಗಿದೆ. ಇಸ್ತ್ರಿ ಮಾಡಿ ಕಳಿಸ್ತೀನಿ,” ಎಂದರು. ಕಾರು ಹೋಯಿತು. ಮಾವ ಮರಿಯ ಕುರ್ಚಿಯಿಂದ ಎದ್ದು, ಅವಳ ಕಡೆ ನೋಡದೆ, ನಿಂತು ಏನು ನೋಡ್ತೀಯ, ಕೆಲಸ ಬಿದ್ದಿದೆ ಎಂದು ಗದರಿದರು.

ಎಲ್ಲ ಸರಿಹೋಯಿತು ಎಂದು ಯಾರೂ ತಿಳಿಯಬೇಡಿ. ಹೋದ ಗಿರಾಕಿಗಳಲ್ಲಿ ಅರ್ಧ ಜನ ಬಂದಿಲ್ಲ. ನನ್ನ ಗಂಡ ಈಗಲೂ ನಮ್ಮ ಜೊತೆ ಊಟಕ್ಕೆ ಕೂರುವುದಿಲ್ಲ. ಅತ್ತೆ ಶನಿವಾರ ಗ್ರಂಥಾಲಯಕ್ಕೆ ಹೋಗುತ್ತಾರೆ, ಹೋಗಿ ಅಲ್ಲಿಯವರೊಡನೆ ಜಗಳವಾಡಿ ಬರುತ್ತಾರೆ, ಮುಂದಿನ ಶನಿವಾರ ನನಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತಿರುತ್ತಾರೆ. ಮಾವ ಮರಿಯನ್ನು ಅವನು ಅಂತಲೂ ಅನ್ನುವುದಿಲ್ಲ, ಅವಳು ಅಂತಲೂ ಅನ್ನುವುದಿಲ್ಲ. ಮಾತಾಡಬೇಕಾದರೆ ನನ್ನ ಮೂಲಕ ಆಡುತ್ತಾರೆ.

ನಿನ್ನೆ ಮಧ್ಯಾಹ್ನ ಅಂಗಡಿ ಖಾಲಿಯಿತ್ತು. ಮಾವ ಸ್ಟೂಲು ಹಾಕಿ ಹತ್ತಿ ಕಪಾಟಿನ ಮೇಲಿಂದ ಆ ಗಂಟನ್ನು ಇಳಿಸಿದರು. ಧೂಳು ಕೊಡವಿ ಬಿಚ್ಚಿದರು. ಚಿಕ್ಕ ಕತ್ತರಿ ತೆಗೆದುಕೊಂಡು ಲಂಗದ, ಬ್ಲೌಸಿನ, ಗೌನಿನ ಪಟ್ಟಿಗಳ ಹೊಲಿಗೆಯನ್ನು ಬಟ್ಟೆಗೆ ತಗಲದ ಹಾಗೆ ಒಂದೊಂದಾಗಿ ಕತ್ತರಿಸಿದರು. ಪಟ್ಟಿಗಳು ನೆಲಕ್ಕೆ ಬಿದ್ದವು. ಇಷ್ಟು ದಿನ ಮಡಚಿಟ್ಟು ಲಂಗದ ನೆರಿಗೆ ಕೆಟ್ಟಿತ್ತು, ಒದ್ದೆ ಮಾಡಿ ಮೊದಲಿಂದ ಕೂರಿಸಿದರು. ಆಮೇಲೆ ನನ್ನನ್ನು ಕರೆದರು. ಮರಿ ಕೈಯಳತೆಯ ದೂರದಲ್ಲೇ ಕೂತಿದ್ದಳು.

“ಇದನ್ನ ಮನೆ ಬೀರುವಿನಲ್ಲಿಡು,” ಎಂದರು. “ಚುಕ್ಕೆಯಮ್ಮಂಗೆ ಹೇಳು. ಇನ್ನೊಂದು ಸಲ ಮನೆ ಬಟ್ಟೆಗೆ ಗುರುತು ಹಾಕಿದ್ರೆ ಕೈ ಮುರೀತೀನಿ ಅಂತ.”

ನಾನು ಬಟ್ಟೆಗಳನ್ನು ಒಳಗೆ ಒಯ್ದು, ಅತ್ತೆಯ ಬಟ್ಟೆಗಳಿಗೂ ನನ್ನವಕ್ಕೂ ನಡುವೆ ಜಾಗ ಮಾಡಿ ಇಟ್ಟೆ.